ಚರ್ಚಿನಲ್ಲಿ ಕೊನೆಯ ಮಾತು ಯಾರದು?

‘ಕಥೋಲಿಕರಿಗೆ ಪೋಪ್, ಪ್ರೊಟೆಸ್ಟೆಂಟರಿಗೆ ಬೈಬಲ್’ ಎಂಬ ಒಂದು ಸಾಲಿನ ವಿವರಣೆಯನ್ನು ಬಹಳ ಜನ ಕೇಳಿರುತ್ತೀರಿ. ನೆನಪಿಟ್ಟುಕೊಳ್ಳಲು ಅದು ಸುಲಭ, ಆದರೆ ಇಬ್ಬರಿಗೂ ಅನ್ಯಾಯ ಮಾಡುತ್ತದೆ. ಬೈಬಲ್ ದೇವರ ವಾಕ್ಯ, ಅದರ ಮೇಲೆ ಅಧಿಕಾರ ನಡೆಸುವ ಹಕ್ಕು ಪೋಪ್ ಸೇರಿದಂತೆ ಯಾರಿಗೂ ಇಲ್ಲ ಎಂದು ಕಥೋಲಿಕ ಧರ್ಮಸಭೆಯೂ ಹೇಳುತ್ತದೆ. ಇತ್ತ ಲೂಥರನ್, ಆಂಗ್ಲಿಕನ್, ಪ್ರೆಸ್ಬಿಟೇರಿಯನ್ ಮುಂತಾದ ಪ್ರೊಟೆಸ್ಟೆಂಟ್ ಸಭೆಗಳು, ಅಂದರೆ ಚರ್ಚುಗಳು, ನಾಲ್ಕನೆಯ ಶತಮಾನದ ನೈಸೀಯ ವಿಶ್ವಾಸಪ್ರಮಾಣವನ್ನು ಒಪ್ಪುತ್ತವೆ, ತಮ್ಮದೇ ವಿಶ್ವಾಸಪತ್ರಗಳನ್ನು ಬರೆದುಕೊಂಡಿವೆ, ಅವುಗಳಿಗೆ ವಿರುದ್ಧವಾಗಿ ಬೋಧಿಸುವ ಪಾದ್ರಿಯನ್ನು ವಿಚಾರಣೆಗೆ ಕರೆಯುತ್ತವೆ. ಬೈಬಲ್ ಹಿಡಿದವರೆಲ್ಲ ತಮಗೆ ತೋಚಿದ ಹಾಗೆ ನಡೆಯಬಹುದು ಎಂದು ಈ ಸಭೆಗಳು ಎಂದೂ ಹೇಳಿಲ್ಲ.

ಜಗಳ ಇರುವುದು ಬೇರೆ ಕಡೆ. ಪ್ರಾಮಾಣಿಕರೂ ಓದಿಕೊಂಡವರೂ ಆದ ಇಬ್ಬರು ಒಂದೇ ವಚನವನ್ನು ಎರಡು ರೀತಿಯಲ್ಲಿ ಅರ್ಥ ಮಾಡಿಕೊಂಡರು ಎನ್ನೋಣ. ಆಗ ಯಾರ ತೀರ್ಪಿಗೆ ಇಡೀ ಸಭೆ ಬದ್ಧವಾಗಬೇಕು? ಆ ತೀರ್ಪನ್ನು ಮುಂದೊಂದು ದಿನ ಮತ್ತೆ ಕೈಗೆತ್ತಿಕೊಂಡು ‘ಇದು ತಪ್ಪಾಗಿತ್ತು’ ಎನ್ನಬಹುದೆ? ಮೊದಲ ಪ್ರಶ್ನೆಗಿಂತ ಈ ಎರಡನೆಯದು ಹೆಚ್ಚು ಆಳದ್ದು. ಕೆಲವು ತೀರ್ಪುಗಳನ್ನು ಎಂದಿಗೂ ಹಿಂತೆಗೆಯಲಾಗದು, ಆ ಗಳಿಗೆಯಲ್ಲಿ ಪವಿತ್ರಾತ್ಮನು ಸಭೆಯನ್ನು ತಪ್ಪಿನಿಂದ ಕಾಯುತ್ತಾನೆ ಎನ್ನುವುದು ಕಥೋಲಿಕ ನಿಲುವು. ಅಪೊಸ್ತಲರ, ಅಂದರೆ ಯೇಸು ಕಳುಹಿಸಿದ ಮೊದಲ ಶಿಷ್ಯರ ಕಾಲದ ನಂತರ ಮನುಷ್ಯರು ಕೊಟ್ಟ ಯಾವ ತೀರ್ಪೂ ಆ ಮಟ್ಟಕ್ಕೆ ಏರದು, ಪ್ರತಿಯೊಂದೂ ಬೈಬಲ್ ಮುಂದೆ ಮತ್ತೆ ನಿಂತು ಉತ್ತರ ಕೊಡಬೇಕು ಎನ್ನುವುದು ಪ್ರೊಟೆಸ್ಟೆಂಟ್ ನಿಲುವು. ಪಾಪನಿವೇದನೆ, ಪಾದ್ರಿಗಳ ದೀಕ್ಷೆ, ಬಿಷಪ್ಪರ ಅಧಿಕಾರ, ಸಭೆಯ ಮತದಾನ ಇವುಗಳಲ್ಲಿ ಕಾಣುವ ಅಂತರ ಬಹುಪಾಲು ಈ ಒಂದೇ ಕವಲಿನಿಂದ ಹುಟ್ಟಿದ್ದು.

ಬೀಗದ ಕೈ ಕೊಟ್ಟದ್ದು ಯಾರಿಗೆ

ಮತ್ತಾಯನ ಸುವಾರ್ತೆಯ 16ನೇ ಅಧ್ಯಾಯದ 18 ಮತ್ತು 19ನೇ ವಚನಗಳಷ್ಟು ಈ ವಾದದಲ್ಲಿ ಸವೆದ ವಚನಗಳು ಬೇರೆ ಇಲ್ಲ. ನೀವೇ ಕ್ರಿಸ್ತ ಎಂದು ಶಿಷ್ಯ ಪೇತ್ರರು ಒಪ್ಪಿಕೊಂಡ ಕೂಡಲೇ ಯೇಸು ಅವರಿಗೆ ಮೂರು ಮಾತು ಕೊಡುತ್ತಾರೆ: ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆ, ಸ್ವರ್ಗಸಾಮ್ರಾಜ್ಯದ ಬೀಗದ ಕೈಗಳನ್ನು ನಿನಗೆ ಕೊಡುವೆ, ನೀನು ಭೂಮಿಯಲ್ಲಿ ಕಟ್ಟಿದ್ದು ಸ್ವರ್ಗದಲ್ಲೂ ಕಟ್ಟಿರುತ್ತದೆ, ಬಿಚ್ಚಿದ್ದು ಅಲ್ಲೂ ಬಿಚ್ಚಿರುತ್ತದೆ.

ಕಥೋಲಿಕ ವ್ಯಾಖ್ಯಾನಕಾರರು ಇದರ ಪಕ್ಕದಲ್ಲಿ ಯೆಶಾಯನ ಗ್ರಂಥದ 22ನೇ ಅಧ್ಯಾಯವನ್ನು ಇಟ್ಟು ಓದುತ್ತಾರೆ. ಅಲ್ಲಿ ದಾವೀದನ ವಂಶದ ಅರಮನೆಯ ಮೇಲ್ವಿಚಾರಕನಾಗಿದ್ದ ಶೆಬ್ನನನ್ನು ಇಳಿಸಿ, ಬೀಗದ ಕೈಯನ್ನು ಎಲ್ಯಾಕೀಮನ ಹೆಗಲಿಗೆ ಹಾಕಲಾಗುತ್ತದೆ. ಅಂದರೆ ಬೀಗದ ಕೈ ಒಂದು ಹುದ್ದೆಯ ಗುರುತು, ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ. ಪೇತ್ರರಿಗೆ ಸಿಕ್ಕಿದ್ದೂ ಹುದ್ದೆಯೇ ಆದ್ದರಿಂದ ಅದಕ್ಕೆ ಉತ್ತರಾಧಿಕಾರಿಗಳು ಇರಲೇಬೇಕು, ರೋಮಿನ ಬಿಷಪ್ ಆದ ಪೋಪರೇ ಆ ಉತ್ತರಾಧಿಕಾರಿ ಎನ್ನುವುದು ಅವರ ವಾದ. ‘ನಿನ್ನ ಸಹೋದರರನ್ನು ದೃಢಪಡಿಸು’ ಎಂಬ ಲೂಕನ 22:32, ‘ನನ್ನ ಕುರಿಗಳನ್ನು ಮೇಯಿಸು’ ಎಂಬ ಯೋಹಾನನ 21ನೇ ಅಧ್ಯಾಯ ಇದಕ್ಕೆ ಬೆಂಬಲ.

ಪ್ರೊಟೆಸ್ಟೆಂಟರು ಎರಡು ಅಧ್ಯಾಯ ಮುಂದಕ್ಕೆ ಹೋಗುತ್ತಾರೆ. ಕಟ್ಟುವ, ಬಿಚ್ಚುವ ಅದೇ ಅಧಿಕಾರವನ್ನು 18:18ರಲ್ಲಿ ಎಲ್ಲ ಶಿಷ್ಯರಿಗೂ ಕೊಡಲಾಗಿದೆ. ಗಲಾತ್ಯರಿಗೆ ಬರೆದ ಪತ್ರದ 2:11ರಲ್ಲಿ ಪೌಲರು ಪೇತ್ರರನ್ನು ಮುಖಾಮುಖಿ ಆಕ್ಷೇಪಿಸುತ್ತಾರೆ. ಬಂಡೆ ಎಂದರೆ ಪೇತ್ರರು ಮಾಡಿದ ವಿಶ್ವಾಸದ ಅರಿಕೆ ಎಂದು 16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರು ಓದಿದರು. ಆದರೆ ಇಂದಿನ ಎಷ್ಟೋ ಪ್ರೊಟೆಸ್ಟೆಂಟ್ ವಿದ್ವಾಂಸರು ಬಂಡೆ ಎಂದರೆ ಪೇತ್ರರೇ ಎಂದು ಒಪ್ಪುತ್ತಾರೆ. ಅವರ ತಕರಾರು ಮುಂದಿನ ಹೆಜ್ಜೆಗೆ: ಉತ್ತರಾಧಿಕಾರಿಯ ಬಗ್ಗೆಯಾಗಲಿ ರೋಮ್ ನಗರದ ಬಗ್ಗೆಯಾಗಲಿ ಆ ವಚನ ಏನೂ ಹೇಳುವುದಿಲ್ಲ.

ಆ ಹೆಜ್ಜೆಗೆ ಇತಿಹಾಸದ ಊರುಗೋಲು ಬೇಕು. ಸುಮಾರು ಕ್ರಿ.ಶ. 180ರಲ್ಲಿ ಲಿಯೋನಿನ ಬಿಷಪ್ ಐರೇನಿಯಸ್ ರೋಮಿನ ಬಿಷಪ್ಪರ ಪಟ್ಟಿಯನ್ನು ಲೀನಸ್‌ನಿಂದ ತಮ್ಮ ಕಾಲದ ಎಲ್ಯೂಥೇರಸ್‌ವರೆಗೆ ಹೆಸರು ಹಿಡಿದು ಬರೆದರು. ಗುಟ್ಟಿನ ಬೋಧನೆ ತಮ್ಮಲ್ಲಿದೆ ಎನ್ನುತ್ತಿದ್ದ ಜ್ಞಾನವಾದಿಗಳಿಗೆ ಅದು ಉತ್ತರವಾಗಿತ್ತು: ಅಪೊಸ್ತಲರು ಏನು ಕಲಿಸಿದರೆಂದು ತಿಳಿಯಬೇಕೆ, ಅವರಿಂದ ಸಾಲಾಗಿ ಬಂದವರನ್ನು ಕೇಳಿ. ಕಥೋಲಿಕರಿಗೆ ಈ ಸಾಲು ದೇವರೇ ಇಟ್ಟ ವ್ಯವಸ್ಥೆ. ಪ್ರೊಟೆಸ್ಟೆಂಟರಿಗೆ ಅದು ಬೆಲೆಯುಳ್ಳ ಸಾಕ್ಷ್ಯ, ಆದರೆ ಸಾಕ್ಷಿಯ ಮಾತು ತೀರ್ಪಾಗುವುದಿಲ್ಲ.

ಕಥೋಲಿಕ ಬೋಧನಾಧಿಕಾರದ ಮೆಟ್ಟಿಲುಗಳು

ಕಥೋಲಿಕ ಧರ್ಮಸಭೆಯಲ್ಲಿ ಪವಿತ್ರ ಗ್ರಂಥ, ಪವಿತ್ರ ಪರಂಪರೆ ಮತ್ತು ಬೋಧನಾಧಿಕಾರ ಒಂದನ್ನೊಂದು ಬಿಟ್ಟು ನಿಲ್ಲುವುದಿಲ್ಲ. ಪರಂಪರೆ ಎಂದರೆ ಹಳೆಯ ರೂಢಿಗಳ ಮೂಟೆಯಲ್ಲ, ಅಪೊಸ್ತಲರು ಬಾಯಿಮಾತಿನಲ್ಲಿ, ಆರಾಧನೆಯಲ್ಲಿ, ಬದುಕಿನಲ್ಲಿ ಒಪ್ಪಿಸಿಹೋದ ವಿಶ್ವಾಸ. ಬೋಧನಾಧಿಕಾರ ಎಂದರೆ ಈ ಎರಡನ್ನೂ ಅಧಿಕೃತವಾಗಿ ವಿವರಿಸುವ ಹೊಣೆ, ಅದು ಪೋಪ್ ಮತ್ತು ಅವರೊಂದಿಗೆ ಒಂದಾಗಿರುವ ಬಿಷಪ್ಪರದು. ಜಗತ್ತಿನ ಬಿಷಪ್ಪರೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ‘ದೇಯಿ ವೆರ್ಬುಮ್’ ಎಂಬ ಸಂವಿಧಾನದ 10ನೇ ಪರಿಚ್ಛೇದ ಇದಕ್ಕೊಂದು ಬೇಲಿ ಹಾಕಿತು: ಬೋಧನಾಧಿಕಾರ ದೇವರ ವಾಕ್ಯದ ಮೇಲಿಲ್ಲ, ಅದರ ಸೇವೆಯಲ್ಲಿದೆ, ಒಪ್ಪಿಸಿದ್ದನ್ನು ಮಾತ್ರ ಕಲಿಸುತ್ತದೆ.

ಹೊರಗಿನವರು ಎಡವುವುದು, ಎಷ್ಟೋ ಸಲ ಕಥೋಲಿಕರೇ ಎಡವುವುದು, ಪೋಪರ ಬಾಯಿಂದ ಬಂದದ್ದೆಲ್ಲಕ್ಕೂ ಒಂದೇ ತೂಕ ಎಂದು ತಿಳಿಯುವಲ್ಲಿ. ಪೋಪರ ಪ್ರಮಾದಾತೀತತೆ, ಅಂದರೆ ಬೋಧನೆಯಲ್ಲಿ ತಪ್ಪಾಗದಂತೆ ದೇವರು ಕಾಯುತ್ತಾರೆ ಎಂಬ ಸಿದ್ಧಾಂತವನ್ನು ಮೊದಲನೆಯ ವ್ಯಾಟಿಕನ್ ಮಹಾಸಭೆ 1870ರ ಜುಲೈ 18ರಂದು 533 ಮತಗಳಿಂದ ಅಂಗೀಕರಿಸಿತು. ಅಂದು ವಿರೋಧವಾಗಿ ಬಿದ್ದದ್ದು ಎರಡೇ ಮತ. ಆದರೆ ಐದು ದಿನ ಮುಂಚಿನ ಪ್ರಾಥಮಿಕ ಮತದಾನದಲ್ಲಿ 88 ಬಿಷಪ್ಪರು ಬೇಡವೆಂದಿದ್ದರು. ಅವರಲ್ಲಿ ಹೆಚ್ಚಿನವರು ಪೋಪರ ಎದುರಿಗೆ ವಿರುದ್ಧ ಮತ ಹಾಕಲು ಮನಸ್ಸಾಗದೆ ರೋಮ್ ಬಿಟ್ಟು ಊರಿಗೆ ಹೊರಟುಹೋದರು.

ಸಿದ್ಧಾಂತದ ಷರತ್ತುಗಳು ಬಿಗಿಯಾಗಿವೆ. ಪೋಪ್ ಖಾಸಗಿ ಪಂಡಿತರಾಗಿ ಮಾತಾಡಿದರೆ ಸಾಲದು, ಎಲ್ಲ ಕ್ರೈಸ್ತರ ಪಾಲಕ ಹಾಗೂ ಬೋಧಕರಾಗಿ ಮಾತಾಡಬೇಕು. ವಿಷಯ ವಿಶ್ವಾಸಕ್ಕೆ ಇಲ್ಲವೆ ನೈತಿಕತೆಗೆ ಸೇರಿರಬೇಕು. ‘ಇದನ್ನು ಇಡೀ ಧರ್ಮಸಭೆ ಒಪ್ಪತಕ್ಕದ್ದು’ ಎಂದು ಅಂತಿಮವಾಗಿ ನಿರ್ಣಯಿಸುವ ಉದ್ದೇಶ ಸ್ಪಷ್ಟವಾಗಿರಬೇಕು. ಒಂದು ಷರತ್ತು ಬಿದ್ದುಹೋದರೂ ಘೋಷಣೆ ಆ ಮಟ್ಟದ್ದಾಗುವುದಿಲ್ಲ. 1870ರ ನಂತರ ಈ ರೀತಿಯ ವಿಧ್ಯುಕ್ತ ಘೋಷಣೆ ಆದದ್ದು ಒಂದೇ ಸಲ: ಮರಿಯಮ್ಮನವರು ದೇಹ ಆತ್ಮಗಳೊಂದಿಗೆ ಸ್ವರ್ಗಕ್ಕೆ ಎತ್ತಲ್ಪಟ್ಟರು ಎಂದು 12ನೇ ಪಿಯುಸ್ 1950ರ ನವೆಂಬರ್ 1ರಂದು ಸಾರಿದಾಗ. ಅದಕ್ಕೂ ನಾಲ್ಕು ವರ್ಷ ಮೊದಲೇ ಅವರು ಜಗತ್ತಿನ ಬಿಷಪ್ಪರಿಗೆಲ್ಲ ಪತ್ರ ಬರೆದು, ನಿಮ್ಮ ಜನ ಇದನ್ನು ನಂಬುತ್ತಾರೆಯೇ ಎಂದು ಕೇಳಿದ್ದರು.

ಅದರ ಕೆಳಗಿನ ಮೆಟ್ಟಿಲಲ್ಲಿ, ವಿಧ್ಯುಕ್ತ ಘೋಷಣೆಯ ರೂಪದಲ್ಲಿ ಹೊರಬರದಿದ್ದರೂ ಅಂತಿಮವೆಂದು ಹೇಳಲಾದ ಬೋಧನೆಗಳಿವೆ. ಸ್ತ್ರೀಯರಿಗೆ ಯಾಜಕದೀಕ್ಷೆ ಕೊಡುವ ಅಧಿಕಾರ ಧರ್ಮಸಭೆಗೆ ಇಲ್ಲವೇ ಇಲ್ಲ ಎಂದು 2ನೇ ಜಾನ್ ಪಾಲ್ 1994ರ ಮೇ 22ರಂದು ಹೇಳಿದ್ದು ಈ ಸಾಲಿಗೆ ಸೇರುತ್ತದೆ. ಇನ್ನೂ ಕೆಳಗೆ ಪೋಪರ ವಿಶ್ವಪತ್ರಗಳಲ್ಲಿ ಬರುವ ಸಾಮಾನ್ಯ ಬೋಧನೆ. ಅದಕ್ಕೆ ಬುದ್ಧಿ, ಮನಸ್ಸುಗಳ ಗೌರವಪೂರ್ಣ ವಿಧೇಯತೆ ಸಲ್ಲಬೇಕು, ಆದರೆ ಮುಂದೆ ಅದು ತಿದ್ದುಪಡಿ ಆಗಬಹುದು. ಎಲ್ಲಕ್ಕಿಂತ ಕೆಳಗೆ ಶಿಸ್ತಿನ ನಿಯಮಗಳು. ಯಾಜಕರ ಬ್ರಹ್ಮಚರ್ಯ ಇಲ್ಲಿಗೆ ಸೇರಿದ್ದು. ಪೌರ್ವಾತ್ಯ ವಿಧಿಯ ಕಥೋಲಿಕ ಸಭೆಗಳಲ್ಲಿ ಮದುವೆಯಾದ ಯಾಜಕರು ಇಂದಿಗೂ ಇದ್ದಾರೆ, ಆಂಗ್ಲಿಕನ್ ಸಭೆಯಿಂದ ಬಂದ ವಿವಾಹಿತರಿಗೂ ದೀಕ್ಷೆ ಸಿಕ್ಕಿದೆ. ಪತ್ರಿಕೆಗಳಲ್ಲಿ ‘ಬ್ರಹ್ಮಚರ್ಯ, ಸ್ತ್ರೀ ಯಾಜಕತ್ವ’ ಎರಡನ್ನೂ ಒಂದೇ ಉಸಿರಿನಲ್ಲಿ ಬರೆಯುವವರು ಈ ಮೆಟ್ಟಿಲುಗಳನ್ನು ಗಮನಿಸಿರುವುದಿಲ್ಲ. ಒಂದನ್ನು ಪೋಪ್ ನಾಳೆಯೇ ಬದಲಿಸಬಹುದು, ಇನ್ನೊಂದನ್ನು ಬದಲಿಸಲು ತಮಗೆ ಅಧಿಕಾರವೇ ಇಲ್ಲ ಎಂದು ಪೋಪರೇ ಹೇಳಿದ್ದಾರೆ.

ಈ ಕಟ್ಟಡಕ್ಕೆ ಎದುರಾಗುವ ಗಟ್ಟಿ ಸವಾಲು ಮೊದಲನೆಯ ಹೊನೋರಿಯಸ್. ಕ್ರಿಸ್ತನಿಗೆ ಇರುವುದು ಒಂದೇ ಇಚ್ಛೆ ಎಂಬ ಅರ್ಥ ಬರುವ ಪತ್ರವನ್ನು ಈ ಪೋಪ್ ಬರೆದಿದ್ದರು. ಅವರು ತೀರಿಕೊಂಡು ನಾಲ್ಕು ದಶಕಗಳಾದ ಮೇಲೆ, 680–681ರ ಮೂರನೆಯ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅವರನ್ನು ಹೆಸರೆತ್ತಿ ಖಂಡಿಸಿತು. 1870ರ ವಿರೋಧಿಗಳು ಇದನ್ನೇ ಮುಂದಿಟ್ಟರು. ಆ ಪತ್ರ ಕಾನ್‌ಸ್ಟಾಂಟಿನೋಪಲಿನ ಪಿತೃಪ್ರಧಾನರಿಗೆ, ಅಂದರೆ ಅಲ್ಲಿನ ಮುಖ್ಯ ಬಿಷಪ್ಪರಿಗೆ, ಕೊಟ್ಟ ಉತ್ತರ, ಇಡೀ ಸಭೆಗೆ ಕೊಟ್ಟ ನಿರ್ಣಯವಲ್ಲ, ಆದ್ದರಿಂದ ಷರತ್ತು ಪೂರೈಸುವುದಿಲ್ಲ ಎನ್ನುವುದು ಬೆಂಬಲಿಗರ ಸಮಾಧಾನ. ತರ್ಕಕ್ಕೆ ಅದು ನಿಲ್ಲುತ್ತದೆ. ಆದರೆ ಯಾವ ಮಾತು ಆ ಮಟ್ಟದ್ದು, ಯಾವುದು ಅಲ್ಲ ಎಂದು ತೀರ್ಮಾನಿಸುವುದು ಎಷ್ಟೋ ಸಲ ಘಟನೆ ನಡೆದು ಬಹಳ ಕಾಲದ ಮೇಲೆ ಎಂಬುದನ್ನು ಇದು ತೋರಿಸಿಕೊಡುತ್ತದೆ.

ಲೈಪ್‌ಜಿಗ್‌ನಲ್ಲಿ ಬಿದ್ದ ಒಂದು ಪ್ರಶ್ನೆ

ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನಿಯ ಸಂನ್ಯಾಸಿ ಮಾರ್ಟಿನ್ ಲೂಥರ್ 1517ರ ಅಕ್ಟೋಬರ್ 31ರಂದು 95 ಪ್ರಮೇಯಗಳನ್ನು ಮುಂದಿಟ್ಟಾಗ ಪೋಪರ ಅಧಿಕಾರವನ್ನು ತಳ್ಳಿಹಾಕಿರಲಿಲ್ಲ. ಪಾಪಶಿಕ್ಷೆಯ ವಿನಾಯಿತಿ ಪತ್ರಗಳ ವ್ಯಾಪಾರ ಪೋಪರಿಗೆ ಗೊತ್ತಾದರೆ ಅವರೇ ನಿಲ್ಲಿಸಿಯಾರು ಎಂಬ ಧಾಟಿ ಅದರಲ್ಲಿದೆ. ತಿರುವು ಬಂದದ್ದು 1519ರ ಬೇಸಿಗೆಯಲ್ಲಿ, ಲೈಪ್‌ಜಿಗ್‌ನ ಬಹಿರಂಗ ವಾದದಲ್ಲಿ. ಎದುರಾಳಿ ಯೊಹಾನ್ ಎಕ್ ಚತುರರು. ನಿಮ್ಮ ಮಾತು ಬೊಹೀಮಿಯದ ಬೋಧಕ ಯಾನ್ ಹುಸ್ ಹೇಳಿದಂತೆಯೇ ಇದೆಯಲ್ಲ ಎಂದು ಚುಚ್ಚಿದರು. ಹುಸ್‌ರನ್ನು ಕಾನ್‌ಸ್ಟನ್ಸ್ ಮಹಾಸಭೆ ಪಾಷಂಡಿ ಎಂದು ತೀರ್ಮಾನಿಸಿ 1415ರಲ್ಲಿ ಸುಡಿಸಿತ್ತು. ಹುಸ್‌ರ ಮಾತುಗಳಲ್ಲಿ ಅಪ್ಪಟ ಕ್ರೈಸ್ತವಾದವು ಹಲವು ಇವೆ ಎಂದು ಲೂಥರ್ ಒಪ್ಪಿಕೊಂಡ ಗಳಿಗೆಯಲ್ಲಿ, ಪೋಪ್ ಮಾತ್ರವಲ್ಲ, ಮಹಾಸಭೆಯೂ ತಪ್ಪಬಹುದು ಎಂದಂತಾಯಿತು.

ಇದರ ತೂಕ ತಿಳಿಯಬೇಕಾದರೆ ಹಿಂದಿನ ನೂರು ವರ್ಷ ನೆನಪಿರಬೇಕು. ಅದೇ ಕಾನ್‌ಸ್ಟನ್ಸ್ ಮಹಾಸಭೆ ಸೇರಿದಾಗ ತಾನೇ ಪೋಪ್ ಎನ್ನುವವರು ಮೂವರಿದ್ದರು. ಮಹಾಸಭೆಯ ಅಧಿಕಾರ ನೇರವಾಗಿ ಕ್ರಿಸ್ತನಿಂದ ಬಂದದ್ದು, ಪೋಪರೂ ಅದಕ್ಕೆ ವಿಧೇಯರಾಗಬೇಕು ಎಂದು 1415ರ ಏಪ್ರಿಲ್‌ನಲ್ಲಿ ನಿರ್ಣಯಿಸಿ, ಗೊಂದಲ ಬಿಡಿಸಿ, 1417ರಲ್ಲಿ 5ನೇ ಮಾರ್ಟಿನ್‌ರನ್ನು ಆರಿಸಿತು. ಹಾಗಾಗಿ ಪೋಪ್ ದೊಡ್ಡವರೋ ಮಹಾಸಭೆ ದೊಡ್ಡದೋ ಎಂಬುದು ಲೂಥರ್‌ಗಿಂತ ಮುಂಚೆಯೇ ಕಥೋಲಿಕರೊಳಗೆ ಜೀವಂತ ಪ್ರಶ್ನೆ. ಲೂಥರ್ ಆ ಎರಡೂ ಬಾಗಿಲುಗಳನ್ನು ಮುಚ್ಚಿದರು. 1521ರ ಏಪ್ರಿಲ್ 18ರಂದು ವರ್ಮ್ಸ್ ನಗರದಲ್ಲಿ ಚಕ್ರವರ್ತಿಯ ಎದುರು, ಪವಿತ್ರ ಗ್ರಂಥದ ಸಾಕ್ಷಿಯಿಂದ ಇಲ್ಲವೆ ಸ್ಪಷ್ಟ ತರ್ಕದಿಂದ ತೋರಿಸಿಕೊಟ್ಟರೆ ಮಾತ್ರ ತಮ್ಮ ಮಾತು ಹಿಂತೆಗೆಯುವೆ ಎಂದರು.

‘ಬೈಬಲ್ ಮಾತ್ರ’ ಎಂಬ ಘೋಷಣೆಯ ಅರ್ಥ ಇಷ್ಟು: ಎಂದೂ ತಪ್ಪದ ಅಳತೆಗೋಲು ಬೈಬಲ್ ಒಂದೇ. ವಿಶ್ವಾಸಪ್ರಮಾಣ, ಮಹಾಸಭೆ, ಆದಿಸಭೆಯ ಪಿತಾಮಹರ ಬರಹ, ಪಾದ್ರಿಯ ಪ್ರಸಂಗ ಎಲ್ಲಕ್ಕೂ ಅಧಿಕಾರವಿದೆ, ಆದರೆ ಆ ಅಳತೆಗೋಲಿಗೆ ಹೊಂದುವಷ್ಟು ಮಾತ್ರ. ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರ, ಆಂಗ್ಲಿಕನ್ನರ 1571ರ 39 ವಿಧಿಗಳು, ಪ್ರೆಸ್ಬಿಟೇರಿಯನ್ನರ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪತ್ರ ಇವೆಲ್ಲ ಹೀಗೆ ಅಳೆದು ಒಪ್ಪಿಕೊಂಡ ದಾಖಲೆಗಳು. ವೆಸ್ಟ್‌ಮಿನ್‌ಸ್ಟರ್ ಪತ್ರದ 31ನೇ ಅಧ್ಯಾಯ, ಅಪೊಸ್ತಲರ ಕಾಲದ ನಂತರದ ಎಲ್ಲ ಮಹಾಸಭೆಗಳೂ ತಪ್ಪಬಹುದು, ಹಲವು ತಪ್ಪಿವೆ ಎನ್ನುತ್ತದೆ. ಆ ಪತ್ರವನ್ನು ಬರೆದದ್ದೂ ಒಂದು ಸಭೆಯೇ, ತನ್ನನ್ನೂ ಸೇರಿಸಿಕೊಂಡೇ ಅದು ಹಾಗೆ ಹೇಳಿತು. ಇದಕ್ಕಿಂತ ಪ್ರಾಮಾಣಿಕವಾದ ವಾಕ್ಯ ಆ ಕಾಲದ ದಾಖಲೆಗಳಲ್ಲಿ ಸಿಗುವುದು ಅಪರೂಪ.

ಕಥೋಲಿಕರ ಮರುಪ್ರಶ್ನೆಯೂ ಹರಿತವಾದದ್ದೇ. ಬೈಬಲಿಗೆ ಯಾವ ಯಾವ ಗ್ರಂಥ ಸೇರಬೇಕು ಎಂದು ಬೈಬಲಿನೊಳಗೆ ಪಟ್ಟಿ ಇಲ್ಲ. ಇಂದಿನ ಹೊಸ ಒಡಂಬಡಿಕೆಯ 27 ಗ್ರಂಥಗಳನ್ನು ಅಷ್ಟೇ ಎಂದು ಎಣಿಸಿದ ಪಟ್ಟಿ ನಮಗೆ ಮೊದಲು ಕಾಣುವುದು 367ರಲ್ಲಿ ಅಲೆಗ್ಸಾಂಡ್ರಿಯಾದ ಅಥನೇಸಿಯಸ್ ಬರೆದ ಪಾಸ್ಕ (ಈಸ್ಟರ್) ಪತ್ರದಲ್ಲಿ. ಪಟ್ಟಿಯನ್ನು ಸಭೆಯೇ ಗುರುತಿಸಿದ್ದಾದರೆ, ಆ ಗುರುತಿಸುವಿಕೆ ತಪ್ಪಲಿಲ್ಲ ಎಂಬ ಭರವಸೆ ಎಲ್ಲಿಂದ? ಸಭೆ ಗ್ರಂಥಕ್ಕೆ ಅಧಿಕಾರ ಕೊಡಲಿಲ್ಲ, ಇದ್ದ ಅಧಿಕಾರವನ್ನು ಕಂಡುಕೊಂಡಿತು ಎನ್ನುವುದು ಪ್ರೊಟೆಸ್ಟೆಂಟ್ ಉತ್ತರ. ಈ ವಾದ ಬರೀ ಪುಸ್ತಕದ್ದಲ್ಲ: ಟ್ರೆಂಟ್ ಮಹಾಸಭೆ 1546ರ ಏಪ್ರಿಲ್ 8ರಂದು ಖಚಿತಪಡಿಸಿದ ಕಥೋಲಿಕ ಬೈಬಲಿನಲ್ಲಿ 73 ಗ್ರಂಥಗಳಿವೆ, ಪ್ರೊಟೆಸ್ಟೆಂಟರದರಲ್ಲಿ 66. ಮೃತರಿಗಾಗಿ ಪ್ರಾರ್ಥಿಸುವ ಪದ್ಧತಿಗೆ ಆಧಾರವಾಗಿ ಕಥೋಲಿಕರು ತೋರಿಸುವ ಮಕ್ಕಬಿಯರ ಎರಡನೆಯ ಗ್ರಂಥ ಆ ವ್ಯತ್ಯಾಸದ ಏಳರಲ್ಲಿ ಒಂದು.

ಮಾರ್ಬರ್ಗ್ ಕೋಟೆಯಲ್ಲಿ ನಾಲ್ಕು ದಿನ

ಅಳತೆಗೋಲು ಒಂದೇ ಆದರೂ ಅಳೆಯುವ ಕೈಗಳು ಬೇರೆಯಾದರೆ ಏನಾಗುತ್ತದೆ ಎಂದು ಬೇಗನೆ ಗೊತ್ತಾಯಿತು. ಹೆಸ್ಸೆಯ ದೊರೆ ಫಿಲಿಪ್ 1529ರ ಅಕ್ಟೋಬರ್ 1ರಿಂದ 4ರವರೆಗೆ ಲೂಥರ್ ಮತ್ತು ಜ್ಯೂರಿಕ್‌ನ ಸುಧಾರಕ ಉಲ್ರಿಚ್ ಜ್ವಿಂಗ್ಲಿಯವರನ್ನು ತಮ್ಮ ಮಾರ್ಬರ್ಗ್ ಕೋಟೆಯಲ್ಲಿ ಕೂಡಿಸಿದರು. ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ ‘ಇದು ನನ್ನ ದೇಹ’ ಎಂದು ಲ್ಯಾಟಿನ್‌ನಲ್ಲಿ ಬರೆದಿಟ್ಟುಕೊಂಡರು. ಯೇಸು ಹೇಳಿದ್ದು ಹಾಗೇ, ನಾನು ಒಂದಿಂಚೂ ಅಲುಗುವುದಿಲ್ಲ ಎಂದು ಅದರ ಅರ್ಥ. ಜ್ವಿಂಗ್ಲಿ ಯೋಹಾನನ 6:63 ತೆಗೆದರು: ಬದುಕಿಸುವುದು ಆತ್ಮ, ಮಾಂಸದಿಂದ ಪ್ರಯೋಜನವಿಲ್ಲ. 15 ಅಂಶಗಳಲ್ಲಿ 14ಕ್ಕೆ ಇಬ್ಬರೂ ಸಹಿ ಹಾಕಬಲ್ಲವರಾದರು, ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತ ದೈಹಿಕವಾಗಿ ಇದ್ದಾನೆಯೇ ಎಂಬಲ್ಲಿ ಮುರಿದುಬಿತ್ತು. ಇಬ್ಬರೂ ಬೈಬಲನ್ನೇ ಹಿಡಿದಿದ್ದರು, ಮೇಲ್ಮನವಿಗೆ ಹೋಗಲು ಇಬ್ಬರೂ ಒಪ್ಪುವ ನ್ಯಾಯಪೀಠ ಭೂಮಿಯ ಮೇಲಿರಲಿಲ್ಲ.

ಪ್ರೊಟೆಸ್ಟೆಂಟ್ ಪಂಗಡಗಳು ಸಾವಿರಾರು ಎಂದು ಹೇಳುವಾಗ ಓಡಾಡುವ ದೊಡ್ಡ ಅಂಕಿಗಳನ್ನು ಎಚ್ಚರದಿಂದ ನೋಡಬೇಕು. ಅವು ಒಂದೇ ಸಭೆಯನ್ನು ದೇಶಕ್ಕೊಂದರಂತೆ ಬೇರೆಬೇರೆಯಾಗಿ ಎಣಿಸಿ ಬಂದವು. ಹಾಗಿದ್ದರೂ ಒಡಕು ನಿಜ, ಅದರ ಕಾರಣ ಮಾರ್ಬರ್ಗ್‌ನಲ್ಲೇ ಕಾಣುತ್ತದೆ.

ಮತ ಎಣಿಸಿದಾಗ

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಆಡಳಿತದ ರೂಪ ಮೂರು ಬಗೆ. ಆಂಗ್ಲಿಕನ್ನರಲ್ಲಿ, ಹಲವು ಲೂಥರನ್ ಮತ್ತು ಮೆಥಡಿಸ್ಟ್ ಸಭೆಗಳಲ್ಲಿ ಬಿಷಪ್ಪರಿದ್ದಾರೆ, ಆದರೆ ಅವರು ಸಿನೊಡಿನ, ಅಂದರೆ ಪಾದ್ರಿಗಳೂ ಸಾಮಾನ್ಯ ವಿಶ್ವಾಸಿಗಳೂ ಕೂಡುವ ಪ್ರತಿನಿಧಿ ಸಭೆಯ ಜೊತೆಗೆ ಆಳಬೇಕು. ಪ್ರೆಸ್ಬಿಟೇರಿಯನ್ನರಲ್ಲಿ ಸಭಾಹಿರಿಯರ ಸಮಿತಿ, ಅದರ ಮೇಲೆ ಪ್ರದೇಶದ ಪ್ರೆಸ್ಬಿಟರಿ, ಅದರ ಮೇಲೆ ಮಹಾಧಿವೇಶನ ಎಂಬ ಹಂತಗಳಿವೆ. ಪಾದ್ರಿ ಮತ್ತು ಹಿರಿಯರ ಮತಕ್ಕೆ ಒಂದೇ ಬೆಲೆ, ಕೆಳಗಿನ ತೀರ್ಪಿನ ವಿರುದ್ಧ ಮೇಲಕ್ಕೆ ಹೋಗಬಹುದು. ಇದರ ಬೇರು 1541ರ ಜಿನೀವಾದಲ್ಲಿ ಸುಧಾರಕ ಕ್ಯಾಲ್ವಿನ್ ರೂಪಿಸಿದ ನಿಯಮಾವಳಿಯಲ್ಲಿದೆ. ಬ್ಯಾಪ್ಟಿಸ್ಟರು ಮತ್ತು ಕಾಂಗ್ರಿಗೇಷನಲ್ ಸಭೆಗಳವರಲ್ಲಿ ಸ್ಥಳೀಯ ಸಭೆಯೇ ಕ್ರಿಸ್ತನ ಅಧೀನದಲ್ಲಿ ಕೊನೆಯ ಅಧಿಕಾರ. ಪಾಸ್ಟರ್ ಆಯ್ಕೆ, ಸದಸ್ಯರ ಸೇರ್ಪಡೆ, ಬಜೆಟ್ ಎಲ್ಲಕ್ಕೂ ಸದಸ್ಯರ ಮತ ಬೇಕು.

ಸಿನೊಡಿನ ಅಧಿಕಾರ ಎಷ್ಟು ಗಟ್ಟಿ ಎಂಬುದು ಇಂಗ್ಲೆಂಡಿನ ಚರ್ಚಿನಲ್ಲಿ 2012ರ ನವೆಂಬರ್ 20ರಂದು ಕಣ್ಣಿಗೆ ಕಟ್ಟಿತು. ಮಹಿಳೆಯರು ಬಿಷಪ್ ಆಗಬಹುದೆ ಎಂಬ ಮಸೂದೆಗೆ ಬಿಷಪ್ಪರು, ಪಾದ್ರಿಗಳು, ವಿಶ್ವಾಸಿಗಳು ಎಂಬ ಸಿನೊಡಿನ ಮೂರೂ ಮನೆಗಳಲ್ಲಿ (ಸದನಗಳಲ್ಲಿ) ಪ್ರತ್ಯೇಕವಾಗಿ ಮೂರನೇ ಎರಡು ಬಹುಮತ ಬೇಕಿತ್ತು. ಬಿಷಪ್ಪರ ಮನೆಯಲ್ಲಿ 44 ಪರ, 3 ವಿರೋಧ. ಪಾದ್ರಿಗಳಲ್ಲಿ 148 ಪರ, 45 ವಿರೋಧ. ವಿಶ್ವಾಸಿಗಳ ಮನೆಯಲ್ಲಿ 132 ಪರ, 74 ವಿರೋಧ. ಅಲ್ಲಿ 138 ಬೇಕಿತ್ತು. ಆರು ಮತಗಳ ಕೊರತೆಯಿಂದ ಮಸೂದೆ ಬಿತ್ತು, ಬಹುತೇಕ ಎಲ್ಲ ಬಿಷಪ್ಪರೂ ಬೇಕೆಂದದ್ದನ್ನು ದೀಕ್ಷೆಯಿಲ್ಲದ ಸಾಮಾನ್ಯ ಸದಸ್ಯರು ತಡೆದರು. 2014ರ ಜುಲೈ 14ರಂದು, ಒಪ್ಪದವರಿಗೂ ಜಾಗ ಬಿಡುವ ಏರ್ಪಾಡಿನೊಂದಿಗೆ ಹೊಸ ಮಸೂದೆ ಮೂರೂ ಮನೆಗಳಲ್ಲಿ ಗೆದ್ದಿತು. 2015ರ ಜನವರಿಯಲ್ಲಿ ಲಿಬ್ಬಿ ಲೇನ್ ಆ ಚರ್ಚಿನ ಮೊದಲ ಮಹಿಳಾ ಬಿಷಪ್ ಆದರು.

ಇದನ್ನು ಸ್ತ್ರೀ ಯಾಜಕತ್ವದ ಬಗೆಗಿನ 1994ರ ಪೋಪರ ಪತ್ರದ ಪಕ್ಕದಲ್ಲಿಟ್ಟು ನೋಡಿ. ವಿಷಯ ಹತ್ತಿರದ್ದೇ. ಒಂದು ಕಡೆ ಮತ ಬಿದ್ದು, ಸೋತು, ಒಂದೂಮುಕ್ಕಾಲು ವರ್ಷದೊಳಗೆ ತೀರ್ಮಾನ ತಿರುಗಿತು. ಇನ್ನೊಂದು ಕಡೆ, ಈ ವಿಷಯ ಮತಕ್ಕೆ ಹಾಕುವಂಥದ್ದೇ ಅಲ್ಲ ಎಂದಾಯಿತು. ಕಥೋಲಿಕರಿಗೆ ಮೊದಲನೆಯದು ದೇವರು ಒಪ್ಪಿಸಿದ್ದನ್ನು ಬಹುಮತಕ್ಕೆ ಒಡ್ಡಿದಂತೆ ಕಾಣುತ್ತದೆ, ಹಲವು ಪ್ರೊಟೆಸ್ಟೆಂಟರಿಗೆ ಎರಡನೆಯದು ತಪ್ಪನ್ನು ತಿದ್ದುವ ದಾರಿಯನ್ನೇ ಮುಚ್ಚಿದಂತೆ.

ದೀಕ್ಷೆ ಏನನ್ನು ಕೊಡುತ್ತದೆ

‘ನೀವು ರಾಜವಂಶದ ಯಾಜಕರು’ ಎಂದು ಪೇತ್ರರ ಮೊದಲ ಪತ್ರದ 2:9 ವಿಶ್ವಾಸಿಗಳಿಗೆಲ್ಲ ಹೇಳುತ್ತದೆ. ಇದನ್ನು ಇಬ್ಬರೂ ಒಪ್ಪುತ್ತಾರೆ. ಕಥೋಲಿಕ ಬೋಧನೆಯಲ್ಲಿ ದೀಕ್ಷಾಸ್ನಾನದಿಂದ ಬರುವ ಸಾಮಾನ್ಯ ಯಾಜಕತ್ವಕ್ಕೂ ಯಾಜಕದೀಕ್ಷೆಯಿಂದ ಬರುವುದಕ್ಕೂ ಇರುವ ಅಂತರ ಸ್ವರೂಪದ್ದೇ, ಬರೀ ಪ್ರಮಾಣದ್ದಲ್ಲ. ದೀಕ್ಷೆ ಅಳಿಸಲಾಗದ ಮುದ್ರೆ ಒತ್ತುತ್ತದೆ, ಆ ಮುದ್ರೆಯಿಲ್ಲದವರು ಬಲಿಪೂಜೆ ಅರ್ಪಿಸಲಾರರು, ಪಾಪನಿವೇದನೆ ಕೇಳಿ ಕ್ಷಮಾದಾನ ನೀಡಲಾರರು. ಪ್ರೊಟೆಸ್ಟೆಂಟರಲ್ಲಿ ದೀಕ್ಷೆ ಒಂದು ಹೊಣೆಗೆ ಸಭೆ ಕೊಡುವ ಕರೆ. ಎಲ್ಲರೂ ಯಾಜಕರು ಎಂದರೆ ಎಲ್ಲರೂ ಪ್ರಸಂಗಪೀಠ ಹತ್ತಬಹುದು ಎಂದಲ್ಲ. ಕ್ರಮಬದ್ಧವಾಗಿ ಕರೆಯಲ್ಪಡದವರು ಸಭೆಯಲ್ಲಿ ಬೋಧಿಸಕೂಡದು, ಸಂಸ್ಕಾರ ನಡೆಸಕೂಡದು ಎಂದು ಆಗ್ಸ್‌ಬರ್ಗ್ ಪತ್ರದ 14ನೇ ವಿಧಿಯೇ ಹೇಳುತ್ತದೆ.

ಪಾದ್ರಿ ಕೆಟ್ಟವನಾದರೆ ಅವನು ಕೊಟ್ಟ ಸಂಸ್ಕಾರ ಸುಳ್ಳಾಗುತ್ತದೆಯೆ? ಇಲ್ಲ ಎನ್ನುವುದರಲ್ಲಿ ಕಥೋಲಿಕರು, ಲೂಥರನ್ನರು, ಆಂಗ್ಲಿಕನ್ನರು ಒಂದೇ. ಕೆಟ್ಟ ಪಾದ್ರಿ ಕೊಟ್ಟ ಸಂಸ್ಕಾರ ಸಲ್ಲದು ಎನ್ನುತ್ತಿದ್ದ ಡೊನಾಟಿಸ್ಟರೆಂಬ ಪಂಗಡದ ವಿರುದ್ಧ ಆದಿಸಭೆಯ ಬಿಷಪ್ ಅಗಸ್ಟೀನರು ಗೆಲ್ಲಿಸಿಕೊಟ್ಟ ವಾದ ಅದು. ಬಿಕ್ಕಟ್ಟು ಇರುವುದು ದೀಕ್ಷೆಯ ಸಾಲಿನಲ್ಲಿ. ಆಂಗ್ಲಿಕನ್ ದೀಕ್ಷೆಗಳು ವಿಧಿಯಲ್ಲೂ ಉದ್ದೇಶದಲ್ಲೂ ದೋಷವುಳ್ಳವು, ಆದ್ದರಿಂದ ಶೂನ್ಯ ಎಂದು 13ನೇ ಲಿಯೋ 1896ರಲ್ಲಿ ತೀರ್ಮಾನಿಸಿದರು. ಅದರ ಪರಿಣಾಮ ಇಂದಿಗೂ ನೇರವಾಗಿ ಕಾಣುತ್ತದೆ: ಆಂಗ್ಲಿಕನ್ ಪಾದ್ರಿ ಕಥೋಲಿಕ ಯಾಜಕರಾಗಬೇಕಾದರೆ ಹೊಸದಾಗಿ ದೀಕ್ಷೆ ಪಡೆಯಬೇಕು. ಅದೇ ವ್ಯಕ್ತಿಯ ದೀಕ್ಷಾಸ್ನಾನ ನೀರಿನಿಂದ, ತ್ರಿತ್ವದ ಹೆಸರಿನಲ್ಲಿ ಆಗಿದ್ದರೆ ಅದನ್ನು ಮತ್ತೆ ಮಾಡುವಂತಿಲ್ಲ.

ಎಲ್ಲಿ ಕೆಡುತ್ತದೆ

ಕಥೋಲಿಕ ವ್ಯವಸ್ಥೆಯಲ್ಲಿ ಹೊಣೆಗಾರಿಕೆ ಮೇಲ್ಮುಖವಾಗಿ ಮಾತ್ರ ಹರಿಯುತ್ತದೆ. ಧರ್ಮಕೇಂದ್ರದ ಹಣಕಾಸು ಸಮಿತಿ ಕಡ್ಡಾಯ, ಆದರೆ ಪಾಲನಾ ಸಮಿತಿಯ ಮಾತು ಸಲಹೆ ಮಾತ್ರ. ಧರ್ಮಸಭೆಯ ಒಳಿತಿಗಾಗಿ ತಮ್ಮ ಅಭಿಪ್ರಾಯ ಹೇಳುವ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ, ವಿಶ್ವಾಸಿಗಳಿಗೆ ಇದೆ ಎಂದು ಧರ್ಮಸಭಾ ಕಾನೂನಿನ 212ನೇ ಕಲಮು ಹೇಳುತ್ತದೆ. ಬಿಷಪ್ಪರನ್ನು ಕೆಳಗಿಳಿಸುವ ಹಕ್ಕು ಅವರಿಗಿಲ್ಲ, ಅದು ಪೋಪರದು. ಪೋಪರನ್ನು ವಿಚಾರಿಸುವವರು ಯಾರೂ ಇಲ್ಲ ಎಂದು 1404ನೇ ಕಲಮು ಸಾರುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ದೂರು ಕೇಳಬೇಕಾದ ಬಿಷಪ್ಪರೇ ಮುಚ್ಚಿಹಾಕಿದಾಗ, ಅವರನ್ನು ಪ್ರಶ್ನಿಸುವ ಸ್ಪಷ್ಟ ದಾರಿ ಹಲವು ವರ್ಷ ಇರಲಿಲ್ಲ. ಬಿಷಪ್ಪರ ವಿರುದ್ಧದ ದೂರುಗಳಿಗೂ ಕ್ರಮ ಗೊತ್ತುಪಡಿಸುವ ನಿಯಮವನ್ನು ಪೋಪ್ ಫ್ರಾನ್ಸಿಸ್ ಹೊರಡಿಸಿದ್ದು 2019ರ ಮೇ ತಿಂಗಳಲ್ಲಿ. ಅದೂ ಮೇಲ್ಮುಖದ ದಾರಿಯೇ.

ಸ್ಥಳೀಯ ಸಭೆಯೇ ಸರ್ವಸ್ವ ಎನ್ನುವಲ್ಲಿ ಕೆಡುವುದು ಇನ್ನೊಂದು ಬಗೆಯಲ್ಲಿ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟದ ಬಗ್ಗೆ 2022ರ ಮೇ ತಿಂಗಳಲ್ಲಿ ಬಂದ ಸ್ವತಂತ್ರ ತನಿಖಾ ವರದಿ ಇದನ್ನು ಬಯಲಿಗೆಳೆಯಿತು. ಆರೋಪಿತ ಪಾಸ್ಟರುಗಳ ಪಟ್ಟಿಯನ್ನು ಕಾರ್ಯಕಾರಿ ಸಮಿತಿಯ ಸಿಬ್ಬಂದಿ ಗುಟ್ಟಾಗಿ ಇಟ್ಟುಕೊಂಡಿದ್ದರು. ಪ್ರತಿ ಸಭೆಯೂ ಸ್ವಾಯತ್ತ, ನಾವು ಕೈಹಾಕಲಾಗದು ಎಂಬುದು ಮತ್ತೆ ಮತ್ತೆ ಕೊಟ್ಟ ಕಾರಣ. ಎರಡು ವಿರುದ್ಧ ವ್ಯವಸ್ಥೆಗಳಲ್ಲಿ ಸಂತ್ರಸ್ತರು ಎದುರಿಸಿದ್ದು ಒಂದೇ ಗೋಡೆ. ಸಿದ್ಧಾಂತ ಯಾವುದೇ ಇರಲಿ, ಕಾಯಬೇಕಾದವರು ಕಾಯದಿದ್ದರೆ ಅದು ಯಾರನ್ನೂ ಉಳಿಸಲಿಲ್ಲ.

ಪೆಂತಕೋಸ್ತ ಹಾಗೂ ಸ್ವತಂತ್ರ ಸಭೆಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಅಲ್ಲಿ ಪ್ರವಾದನೆಯ ವರಕ್ಕೂ ಅಧಿಕಾರವಿದೆ. ಪ್ರವಾದನೆಯನ್ನು ತಿರಸ್ಕರಿಸಬೇಡಿ, ಎಲ್ಲವನ್ನೂ ಪರಿಶೋಧಿಸಿ ಎಂದು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 5:20–21 ಎರಡನ್ನೂ ಒಟ್ಟಿಗೆ ಹೇಳುತ್ತದೆ. ‘ಕರ್ತನು ನನಗೆ ಹೇಳಿದನು’ ಎಂದು ಪಾಸ್ಟರ್ ಹೇಳಿದ ಮಾತನ್ನು ಪರಿಶೋಧಿಸುವವರು ಯಾರೂ ಇಲ್ಲದಿದ್ದರೆ, ಆ ಮಾತಿಗೆ ಪೋಪರ ಯಾವ ಪತ್ರಕ್ಕೂ ಇಲ್ಲದಷ್ಟು ತಡೆಯಿಲ್ಲದ ಅಧಿಕಾರ ಸಿಕ್ಕಿಬಿಡುತ್ತದೆ.

ಯಾವುದೇ ಸಭೆಯ ನಿಜವಾದ ಅಧಿಕಾರ ಎಲ್ಲಿದೆ ಎಂದು ತಿಳಿಯಬೇಕಾದರೆ ಅದರ ಘೋಷಣೆಗಿಂತ ಅದರ ನಿಯಮಾವಳಿಯನ್ನು ಓದಿ. ಪಾದ್ರಿಯನ್ನು ನೇಮಿಸುವವರು ಯಾರು, ತೆಗೆಯುವವರು ಯಾರು, ಇಬ್ಬರೂ ಒಬ್ಬರೇ ಆಗಿದ್ದಾರೆಯೆ? ಪಾದ್ರಿಯ ವಿರುದ್ಧ ದೂರು ಕೊಟ್ಟರೆ ಅದು ಪಾದ್ರಿಯ ಕೈ ದಾಟಿ ಯಾರ ಮೇಜಿಗೆ ಹೋಗುತ್ತದೆ? ಆ ತೀರ್ಪಿನ ಮೇಲೆ ಮೇಲ್ಮನವಿ ಉಂಟೆ? ಜಾಗ, ಕಟ್ಟಡ, ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿವೆ, ಲೆಕ್ಕಪರಿಶೋಧನೆ ಮಾಡುವವರು ಹೊರಗಿನವರೆ? ಬೋಧನೆಯ ವಿವಾದ ಬಂದರೆ ಎದುರಿಗಿಟ್ಟು ಓದುವ ಲಿಖಿತ ವಿಶ್ವಾಸಪತ್ರ ಇದೆಯೆ, ಅದನ್ನು ತಿದ್ದಲು ಎಷ್ಟು ಮತ ಬೇಕು? ಕಥೋಲಿಕ ಧರ್ಮಪ್ರಾಂತ್ಯ, ಆಂಗ್ಲಿಕನ್ ಸಿನೊಡ್, ಪ್ರೆಸ್ಬಿಟರಿ ಈ ಮೂರೂ ಇವುಗಳಲ್ಲಿ ಬಹುಪಾಲಿಗೆ ಕಲಮಿನ ಸಂಖ್ಯೆ ಹೇಳಿ ಉತ್ತರ ಕೊಡುತ್ತವೆ. ಪಾಸ್ಟರ್ ಮತ್ತು ಅವರ ಕುಟುಂಬದವರೇ ಟ್ರಸ್ಟಿಗಳಾಗಿರುವ ಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿದ್ದಕ್ಕೇ ಅವಿಧೇಯತೆಯ ಆರೋಪ ಬಂದರೆ, ಕೊನೆಯ ಮಾತು ಯಾರದು ಎಂಬುದಕ್ಕೆ ಅಲ್ಲಿಯೇ ಉತ್ತರ ಸಿಕ್ಕಿದೆ.